ಜೂನಿಪರ್ ಗುರಾಣಿ ತಿಗಣೆಯನ್ನು ಹುಡುಕುವ ಕಿಟ್: ಭೂತಗನ್ನಡಿಗೆ ಪೂರ್ಣ ಅಂಕ, ಮಾಹಿತಿ ಹಾಳೆಗೆ ಮರುಪರೀಕ್ಷೆ

ಬ್ರಿಟನ್ನಿನಲ್ಲಿ ಹವ್ಯಾಸಿ ಕೀಟವೀಕ್ಷಕರಿಗೆಂದು ಮಾರಾಟವಾಗುವ ಹಲವು ಕಿಟ್‌ಗಳ ನಡುವೆ, ಶಂಕುಧಾರಿ ಮರಗಳ ಮೇಲೆ ಬದುಕುವ ತಿಗಣೆಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ರೂಪಿಸಲಾಗಿದೆ ಎಂದು ಹೇಳಿಕೊಳ್ಳುವ ಕಿಟ್ ಒಂದನ್ನು ಇಲ್ಲಿ ವಿಮರ್ಶಿಸುತ್ತಿದ್ದೇನೆ. ಕೊಂಬೆ ತಟ್ಟಿದಾಗ ಉದುರುವ ಕೀಟಗಳನ್ನು ಹಿಡಿಯುವ, ಮಡಚಬಹುದಾದ ಬಿಳಿ ಬಟ್ಟೆಯ ಬೀಟಿಂಗ್ ಟ್ರೇ, ಲೋಹದ ಕವಚದೊಳಗೆ ಮಡಚಿಕೊಳ್ಳುವ ಭೂತಗನ್ನಡಿ, ಮುಚ್ಚಳವಿರುವ ಕೆಲವು ಪಾರದರ್ಶಕ ಡಬ್ಬಿಗಳು, ಪ್ಲಾಸ್ಟಿಕ್ ಹೊದಿಸಿದ ಒಂದು ಚಿತ್ರಸಹಿತ ಗುರುತಿನ ಹಾಳೆ ಮತ್ತು ಇವೆಲ್ಲವನ್ನೂ ಹಾಕಿಕೊಳ್ಳುವ ಹೆಗಲಚೀಲ ಇದರಲ್ಲಿವೆ. ಬೆಲೆ 40 ಪೌಂಡ್‌ಗಳ ಆಸುಪಾಸಿನಲ್ಲಿದೆ. ಕಿಟ್‌ನ ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದು ಜೂನಿಪರ್ ಗುರಾಣಿ ತಿಗಣೆಯ ಚಿತ್ರವಾದ್ದರಿಂದ, ಆ ಒಂದು ಕೀಟವನ್ನು ಹುಡುಕಿ, ಹಿಡಿದು, ಗುರುತಿಸಿ, ಮತ್ತೆ ಅದರ ಮರಕ್ಕೆ ಬಿಡುವವರೆಗೆ ಈ ಸಲಕರಣೆಗಳು ಎಷ್ಟರಮಟ್ಟಿಗೆ ಜೊತೆಕೊಡುತ್ತವೆ ಎಂಬುದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುವುದು ನ್ಯಾಯವೆನಿಸಿತು.

ಮೊದಲು ಕೀಟದ ವಿಷಯ. ಸೈಫೊಸ್ಟೆಥಸ್ ಟ್ರೈಸ್ಟ್ರಿಯೇಟಸ್ ಎಂಬ ಹೆಸರಿನ ಈ ತಿಗಣೆಯನ್ನು 1787ರಲ್ಲಿ ಫ್ಯಾಬ್ರಿಷಿಯಸ್ ವಿಜ್ಞಾನಲೋಕಕ್ಕೆ ಪರಿಚಯಿಸಿದರು. ಉದ್ದ ಹೆಚ್ಚುಕಡಿಮೆ 10 ಮಿಲಿಮೀಟರ್. ಮೈಯೆಲ್ಲ ಹೊಳಪಿನ ಹಸಿರು. ಮುಂರೆಕ್ಕೆಗಳ ಗಡುಸಾದ ಭಾಗದ ಮೇಲೆ, ಒಂದೊಂದು ಬದಿಗೆ ಒಂದರಂತೆ, ಬೂಮರಾಂಗಿನ ಆಕಾರದಲ್ಲಿ ಬಾಗಿದ ಗುಲಾಬಿಗೆಂಪು ಪಟ್ಟೆಗಳು. ಯುರೋಪಿನ ಗುರಾಣಿ ತಿಗಣೆಗಳಲ್ಲಿ ಇಷ್ಟು ಅಚ್ಚುಕಟ್ಟಾಗಿ ಬಣ್ಣ ತುಂಬಿಕೊಂಡವು ಕಡಿಮೆ ಎಂದೇ ನನ್ನ ಅಭಿಪ್ರಾಯ. ಆದರೂ ಜೂನಿಪರ್ ಪೊದೆಯಲ್ಲಾಗಲಿ ಲಾಸನ್ ಸೈಪ್ರೆಸ್ ಮರದಲ್ಲಾಗಲಿ ಅದು ಕುಳಿತಿರುವಾಗ ಬರಿಗಣ್ಣಿಗೆ ಬೀಳುವುದು ಅಪರೂಪ. ಕೊಂಬೆಯ ಹಸಿರಿನಲ್ಲಿ ಮೈಯ ಹಸಿರೂ, ಬಾಡಿದ ಎಲೆತುದಿಗಳ ಕಂದುಗೆಂಪಿನಲ್ಲಿ ಪಟ್ಟೆಯ ಕೆಂಪೂ ಕರಗಿಹೋಗುತ್ತವೆ. ಜೂನಿಪರಿನ ಹಣ್ಣಿನಂತೆ ಕಾಣುವ ದುಂಡನೆಯ ಶಂಕುಗಳಿಗೆ ಮತ್ತು ಸೈಪ್ರೆಸ್ಸಿನ ಪುಟ್ಟ ಶಂಕುಗಳಿಗೆ ಸೂಜಿಯಂತಹ ಹೀರುಗೊಳವೆಯನ್ನು ಚುಚ್ಚಿ ಅದು ಆಹಾರ ಪಡೆಯುತ್ತದೆ. ಆ ಕೆಲಸದಲ್ಲಿ ತೊಡಗಿರುವಾಗ ಅಲುಗಾಡುವುದೂ ಇಲ್ಲ. ಹೀಗಾಗಿ ಇದನ್ನು ನೋಡಬೇಕಾದರೆ ಸಲಕರಣೆ ಬೇಕೇ ಬೇಕು, ಕೇವಲ ತಾಳ್ಮೆ ಸಾಲದು.

ಕಿಟ್‌ನಲ್ಲಿ ಹೆಚ್ಚು ಹೊತ್ತು ಮಾತನಾಡಲು ಯೋಗ್ಯವಾದ ವಸ್ತುವೆಂದರೆ ಭೂತಗನ್ನಡಿ. ಅದರ ಕವಚದ ಮೇಲೆ 20 ಪಟ್ಟು ಎಂದು ಕೊರೆಯಲಾಗಿದೆ. ಈ ಬಗೆಯ ಅಂಕಿಗಳನ್ನು ಯಾರೂ ಕಣ್ಣುಮುಚ್ಚಿ ನಂಬಬಾರದು. ಪರೀಕ್ಷಿಸುವುದಕ್ಕೆ ಹೆಚ್ಚಿನ ಸಾಮಗ್ರಿಯೂ ಬೇಕಾಗಿಲ್ಲ. ಕಿಟಕಿಯ ಎದುರಿನ ಗೋಡೆಗೆ ಒಂದು ಬಿಳಿ ಕಾಗದವನ್ನು ಹಿಡಿದು, ಅದರ ಮುಂದೆ ಭೂತಗನ್ನಡಿಯನ್ನು ಹಿಂದೆಮುಂದೆ ಸರಿಸುತ್ತ ಹೋದರೆ ಒಂದು ಹಂತದಲ್ಲಿ ಕಿಟಕಿಯ ತಲೆಕೆಳಗಾದ ಚಿತ್ರ ಕಾಗದದ ಮೇಲೆ ಸ್ಪಷ್ಟವಾಗಿ ಮೂಡುತ್ತದೆ. ಆಗ ಗಾಜಿಗೂ ಕಾಗದಕ್ಕೂ ಇರುವ ಅಂತರವೇ ಸುಮಾರಾಗಿ ಅದರ ಸಂಗಮದೂರ. ಕಣ್ಣಿಗೆ ಆರಾಮವಾಗಿ ಕಾಣುವ ದೂರವೆಂದು ಹಿಡಿಯುವ 250 ಮಿಲಿಮೀಟರನ್ನು ಆ ದೂರದಿಂದ ಭಾಗಿಸಿದರೆ ವರ್ಧನೆ ಎಷ್ಟೆಂಬುದು ತಿಳಿಯುತ್ತದೆ. ನಿಜವಾಗಿ 20 ಪಟ್ಟಿನ ಗಾಜಾಗಿದ್ದರೆ ಚಿತ್ರ 12.5 ಮಿಲಿಮೀಟರಿನಷ್ಟು ಹತ್ತಿರದಲ್ಲಿ ಮೂಡಬೇಕಿತ್ತು. ಈ ಗಾಜಿನಲ್ಲಿ ಅದು ಮೂಡಿದ್ದು 25 ಮಿಲಿಮೀಟರಿನ ಆಸುಪಾಸಿನಲ್ಲಿ. ಅಂದರೆ ಇದು 10 ಪಟ್ಟಿನ ಭೂತಗನ್ನಡಿ, ಕವಚದ ಮೇಲಿನ ಅಂಕಿ ಸುಳ್ಳು.

ಸುಳ್ಳು ಸುಳ್ಳೇ, ಅದನ್ನು ಮನ್ನಿಸಬೇಕಾಗಿಲ್ಲ. ಆದರೆ ಕೊಳ್ಳುವವರಿಗೆ ಇದರಿಂದ ಆಗಿರುವುದು ಲಾಭವೇ ಎಂಬುದನ್ನೂ ಹೇಳದಿದ್ದರೆ ವಿಮರ್ಶೆ ಪ್ರಾಮಾಣಿಕವಾಗುವುದಿಲ್ಲ. 10 ಪಟ್ಟಿನ ಒಳ್ಳೆಯ ಗಾಜಿನಲ್ಲಿ ನೋಟದ ವ್ಯಾಪ್ತಿ ಸುಮಾರು ಒಂದೂವರೆ ಸೆಂಟಿಮೀಟರ್ ಇರುತ್ತದೆ; ಒಂದು ಸೆಂಟಿಮೀಟರ್ ಉದ್ದದ ಜೂನಿಪರ್ ತಿಗಣೆ ಅದರೊಳಗೆ ಮೀಸೆಯಿಂದ ರೆಕ್ಕೆಯ ತುದಿಯವರೆಗೆ ಒಟ್ಟಿಗೇ ಕಾಣುತ್ತದೆ. 20 ಪಟ್ಟಿಗೆ ಹೋದರೆ ಆ ವ್ಯಾಪ್ತಿ ಕುಗ್ಗಿ, ಕೀಟದ ತಲೆ ಕಂಡರೆ ಬಾಲವಿಲ್ಲ, ಬಾಲ ಕಂಡರೆ ತಲೆಯಿಲ್ಲ ಎಂಬ ಸ್ಥಿತಿ ಬರುತ್ತದೆ. ಗಾಜನ್ನು ಕೀಟಕ್ಕೆ ತೀರ ಹತ್ತಿರ ಹಿಡಿಯಬೇಕಾಗುವುದರಿಂದ ನೋಡುವವರ ತಲೆಯ ನೆರಳೇ ಬೆಳಕನ್ನು ತಡೆಯುತ್ತದೆ. ಗುರಾಣಿ ತಿಗಣೆಯ ಬೆನ್ನು ಉಬ್ಬಿಕೊಂಡಿರುವ ಕಾರಣ ನಡುಬೆನ್ನು ಸ್ಪಷ್ಟವಾದರೆ ಅಂಚು ಮಸುಕಾಗುತ್ತದೆ. ಹೊಲದಲ್ಲಿ, ಗಾಳಿಗೆ ಅಲುಗುವ ಕೊಂಬೆಯ ಎದುರು ನಿಂತು ಕೀಟ ನೋಡುವವರಿಗೆ 10 ಪಟ್ಟು ಸಾಕು ಎಂದು ಅನುಭವಿಗಳೆಲ್ಲ ಹೇಳುವುದು ಇದೇ ಕಾರಣಕ್ಕೆ. ಮಾರುವವರು ದೊಡ್ಡ ಅಂಕಿಗೆ ಆಸೆಪಟ್ಟು, ತಮ್ಮದೇ ಒಳ್ಳೆಯ ಸರಕಿನ ಮೇಲೆ ಅನಗತ್ಯವಾದ ಸುಳ್ಳನ್ನು ಕೊರೆಸಿದ್ದಾರೆ.

ಗಾಜಿನ ಗುಣಮಟ್ಟ ನಿಜಕ್ಕೂ ಚೆನ್ನಾಗಿದೆ. ಇದು ಮೂರು ಗಾಜುಗಳನ್ನು ಒಟ್ಟಿಗೆ ಅಂಟಿಸಿ ಮಾಡಿದ ಟ್ರಿಪ್ಲೆಟ್. ಒಂಟಿ ಗಾಜಿನ ಅಗ್ಗದ ಭೂತಗನ್ನಡಿಗಳಲ್ಲಿ ವಸ್ತುವಿನ ಅಂಚಿಗೆ ಮೆತ್ತಿಕೊಳ್ಳುವ ನೀಲಿ, ಕಿತ್ತಳೆ ಬಣ್ಣದ ಸೆರಗು ಇದರಲ್ಲಿ ಬಹುಮಟ್ಟಿಗೆ ಕಾಣುವುದಿಲ್ಲ. ಜೂನಿಪರ್ ತಿಗಣೆಯ ಮಟ್ಟಿಗೆ ಇದು ಅಲಂಕಾರದ ಮಾತಲ್ಲ. ಬರ್ಚ್ ಮರದ ಗುರಾಣಿ ತಿಗಣೆಯಾದ ಎಲಾಸ್ಮೊಸ್ಟೆಥಸ್ ಇಂಟರ್‌ಸ್ಟಿಂಕ್ಟಸ್ ಗಾತ್ರದಲ್ಲೂ ಹಸಿರು-ಕೆಂಪು ಬಣ್ಣಗಳ ಜೋಡಣೆಯಲ್ಲೂ ಇದಕ್ಕೆ ತೀರ ಹತ್ತಿರದ್ದು. ಎರಡನ್ನೂ ಬೇರ್ಪಡಿಸುವುದು ರೆಕ್ಕೆಯ ಮೇಲಿನ ಕೆಂಪಿನ ಆಕಾರ ಮತ್ತು ಛಾಯೆ: ಜೂನಿಪರ್ ತಿಗಣೆಯಲ್ಲಿ ಬಾಗಿದ ಪಟ್ಟೆ ಹಸಿರಿನ ನಡುವೆ ಸ್ಪಷ್ಟವಾದ ಗಡಿಯೊಂದಿಗೆ ಎದ್ದು ನಿಲ್ಲುತ್ತದೆ. ಗಾಜೇ ತನ್ನ ಕಡೆಯಿಂದ ಒಂದಿಷ್ಟು ಬಣ್ಣ ಸೇರಿಸಿದರೆ ಆ ಗಡಿ ಎಲ್ಲಿ ಮುಗಿಯುತ್ತದೆ ಎಂಬುದೇ ಗೊತ್ತಾಗುವುದಿಲ್ಲ. ಈ ಭೂತಗನ್ನಡಿಯಲ್ಲಿ ಪಟ್ಟೆಯ ಒಳಗಿನ ಪುಟ್ಟ ಪುಟ್ಟ ಕುಳಿಗಳು ಕೂಡ ಒಂದೊಂದಾಗಿ ಕಾಣುತ್ತವೆ. ಕುಳಿಯ ತಳದಲ್ಲಿ ಬಣ್ಣ ಗಾಢವಾಗಿದ್ದು, ಏರಿನಲ್ಲಿ ತಿಳಿಯಾಗುವುದನ್ನು ನೋಡಿದಾಗ, ದೂರದಿಂದ ಒಂದೇ ಬಣ್ಣವೆಂದು ಕಾಣುವ ಪಟ್ಟೆ ಎಷ್ಟು ಛಾಯೆಗಳಿಂದ ಆಗಿದೆ ಎಂಬುದು ಮನದಟ್ಟಾಗುತ್ತದೆ.

ಇನ್ನೂ ಕಠಿಣವಾದ ಪರೀಕ್ಷೆಯೆಂದರೆ ಪಾದದ ಗೆಣ್ಣುಗಳನ್ನು ಎಣಿಸುವುದು. ಜೂನಿಪರ್ ತಿಗಣೆ ಸೇರಿರುವ ಅಕಾಂಥೊಸೊಮಾಟಿಡೇ ಕುಟುಂಬದ ಕೀಟಗಳಿಗೆ ಪಾದದಲ್ಲಿ ಎರಡೇ ಗೆಣ್ಣುಗಳು. ತೋಟಗಳಲ್ಲಿ ಸಾಮಾನ್ಯವಾಗಿ ಕಾಣುವ ಹಸಿರು ಗುರಾಣಿ ತಿಗಣೆ, ಅಂದರೆ ಪಲೊಮೆನಾ ಪ್ರಸಿನಾ, ಸೇರಿರುವ ಪೆಂಟಟೊಮಿಡೇ ಕುಟುಂಬದಲ್ಲಿ ಮೂರು. ಬಣ್ಣ ಮೋಸ ಮಾಡಬಹುದು, ಚಳಿಗಾಲದಲ್ಲಿ ಪಲೊಮೆನಾ ಹಸಿರನ್ನು ಬಿಟ್ಟು ಕಂದಾಗುವುದೂ ಉಂಟು, ಆದರೆ ಗೆಣ್ಣಿನ ಲೆಕ್ಕ ಬದಲಾಗುವುದಿಲ್ಲ. ಇಡೀ ಪಾದವೇ ಮಿಲಿಮೀಟರಿನ ಲೆಕ್ಕದಲ್ಲಿರುವಾಗ ಅದರ ಗೆಣ್ಣುಗಳನ್ನು ಎಣಿಸಲು ಗಾಜು ಅಂಚಿನವರೆಗೂ ಚುರುಕಾಗಿರಬೇಕು. ಬೆಳಕು ಪಕ್ಕದಿಂದ ಬೀಳುವಂತೆ ಡಬ್ಬಿಯನ್ನು ತಿರುಗಿಸಿಕೊಂಡರೆ ಈ ಕಿಟ್‌ನ ಭೂತಗನ್ನಡಿಯಲ್ಲಿ ಎರಡು ಗೆಣ್ಣುಗಳು, ತುದಿಯ ಜೋಡಿ ಉಗುರುಗಳು ಯಾವ ಅನುಮಾನಕ್ಕೂ ಎಡೆಯಿಲ್ಲದೆ ಕಾಣುತ್ತವೆ. ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿದಂತೆ ಹಿಡಿದು, ಕೀಟವನ್ನು ಗಾಜಿನ ಬಳಿಗೆ ತರಬೇಕೇ ಹೊರತು, ಕೈ ಚಾಚಿ ಕೀಟದ ಮೇಲೆ ಗಾಜು ಹಿಡಿಯಬಾರದು ಎಂಬ ಮೂಲಪಾಠವನ್ನು ಕಿಟ್‌ನಲ್ಲಿ ಎಲ್ಲೂ ಬರೆದಿಲ್ಲ. ಹೊಸಬರಲ್ಲಿ ಅನೇಕರು ಭೂತಗನ್ನಡಿ ಕೆಲಸಕ್ಕೆ ಬಾರದು ಎಂದು ಮೂಲೆಗೆ ಹಾಕುವುದು ಈ ಒಂದು ಸಾಲಿನ ಸೂಚನೆ ಇಲ್ಲದ್ದರಿಂದಲೇ.

ಬೀಟಿಂಗ್ ಟ್ರೇ ಬಗ್ಗೆ ಇಷ್ಟು ಉತ್ಸಾಹ ಉಳಿಯಲಿಲ್ಲ. ಕೊಂಬೆಯ ಕೆಳಗೆ ಬಿಳಿ ಬಟ್ಟೆಯನ್ನು ಹಿಡಿದು, ಮೇಲಿನಿಂದ ಕೋಲಿನಲ್ಲಿ ಒಂದೆರಡು ಬಾರಿ ಗಟ್ಟಿಯಾಗಿ ತಟ್ಟಿದರೆ ಕೀಟಗಳು ಹಿಡಿತ ಬಿಟ್ಟು ಬಟ್ಟೆಯ ಮೇಲೆ ಉದುರುತ್ತವೆ, ವಿಧಾನ ಇಷ್ಟೇ. ಅಗಲವಾದ ಎಲೆಗಳ ಮರಗಳಲ್ಲಿ ಯಾವ ಟ್ರೇ ಆದರೂ ನಡೆದೀತು. ಶಂಕುಧಾರಿ ಮರದ ಕೊಂಬೆಗೆ ತಟ್ಟಿದಾಗ ಕೀಟದ ಜೊತೆಗೆ ಒಣಗಿದ ಎಲೆಚೂರು, ಶಂಕುವಿನ ಹೊಟ್ಟು, ಧೂಳು, ವಸಂತಕಾಲವಾದರೆ ಪರಾಗ, ಎಲ್ಲವೂ ಸುರಿಯುತ್ತವೆ. ಆಗ ಬಟ್ಟೆ ನಡುವಿನಲ್ಲಿ ತುಸು ತಗ್ಗಾಗಿದ್ದರೆ ಕಸವೆಲ್ಲ ಅಲ್ಲಿಗೆ ಜಾರಿ ಕೀಟವನ್ನು ಮುಚ್ಚುತ್ತದೆ. ಬಿಗಿಯಾಗಿ ಎಳೆದಿದ್ದರೆ ಕಸ ಹರಡಿಕೊಂಡು, ನಡೆಯತೊಡಗಿದ ತಿಗಣೆ ಕಣ್ಣಿಗೆ ಬೀಳುತ್ತದೆ. ಈ ಟ್ರೇಯ ಕಡ್ಡಿಗಳು ತೀರ ತೆಳುವಾಗಿದ್ದು ಬಟ್ಟೆಯನ್ನು ಬಿಗಿಯಾಗಿ ಹಿಡಿದಿಡುವುದಿಲ್ಲ. ಬಟ್ಟೆಯ ಹೆಣಿಗೆಯೂ ಒರಟು. ಜೂನಿಪರಿನ ಮುಳ್ಳಿನಂತಹ ಎಲೆಗಳು ಅದರಲ್ಲಿ ಸಿಕ್ಕಿಕೊಂಡರೆ ಒಂದೊಂದನ್ನೇ ಕಿತ್ತು ತೆಗೆಯಬೇಕು. ಸೈಪ್ರೆಸ್ಸಿನ ಎಲೆಗಳು ಹುರುಪೆಯಂತೆ ನುಣುಪಾಗಿರುವುದರಿಂದ ಅಲ್ಲಿ ಈ ತೊಂದರೆ ಕಡಿಮೆ. ತಿಳಿ ಬಣ್ಣದ ಹಳೆಯ ಛತ್ರಿಯೊಂದನ್ನು ಬಿಚ್ಚಿ ತಲೆಕೆಳಗಾಗಿ ಹಿಡಿದರೆ ಹೆಚ್ಚುಕಡಿಮೆ ಇಷ್ಟೇ ಕೆಲಸವಾಗುತ್ತದೆ, ಖರ್ಚಿಲ್ಲದೆ. ಕಿಟ್‌ನ ಬೆಲೆಯಲ್ಲಿ ದೊಡ್ಡ ಪಾಲು ಈ ಟ್ರೇಯದ್ದೇ ಆಗಿರುವುದರಿಂದ ಈ ಮಾತನ್ನು ಒತ್ತಿ ಹೇಳಬೇಕಾಗಿದೆ.

ಯಾವಾಗ ತಟ್ಟಬೇಕು ಎಂಬುದು ಟ್ರೇಗಿಂತ ಮುಖ್ಯವಾದ ಪ್ರಶ್ನೆ. ಬಿಸಿಲೇರಿದ ಮಧ್ಯಾಹ್ನದಲ್ಲಿ ಬಟ್ಟೆಗೆ ಬಿದ್ದ ತಿಗಣೆ ನೋಡುವಷ್ಟರಲ್ಲಿ ರೆಕ್ಕೆ ಬಿಚ್ಚಿ ಹಾರುತ್ತದೆ. ತಂಪಾದ ಬೆಳಗಿನಲ್ಲಿ ಬಿದ್ದದ್ದು ಕೆಲವು ಕ್ಷಣ ಕಾಲು ಮಡಚಿ ಸುಮ್ಮನಿರುತ್ತದೆ. ಪ್ರೌಢ ಕೀಟಗಳೇ ಚಳಿಗಾಲವನ್ನು ಕಳೆದು ವಸಂತದಲ್ಲಿ ಕೂಡುತ್ತವೆ. ಮರಿಗಳು ಬೇಸಿಗೆಯ ಉದ್ದಕ್ಕೂ ಶಂಕುಗಳ ಮೇಲೆ ಬೆಳೆದು, ಐದು ಹಂತಗಳನ್ನು ದಾಟಿ, ಆಗಸ್ಟ್ ಕೊನೆ ಹಾಗೂ ಸೆಪ್ಟೆಂಬರ್ ಹೊತ್ತಿಗೆ ಹೊಸ ಪ್ರೌಢ ಕೀಟಗಳಾಗುತ್ತವೆ. ಬಣ್ಣ ಅತ್ಯಂತ ತಾಜಾ ಆಗಿರುವುದು ಆಗಲೇ.

ಡಬ್ಬಿಗಳ ವಿಷಯದಲ್ಲಿ ದೂರು ಇಲ್ಲ. ಗೋಡೆಗಳು ಚಪ್ಪಟೆಯಾಗಿರುವುದರಿಂದ ದುಂಡನೆಯ ಡಬ್ಬಿಗಳಲ್ಲಿ ಆಗುವಂತೆ ಆಕೃತಿ ವಕ್ರವಾಗುವುದಿಲ್ಲ. ಒಳಗೆ ಒಂದು ಸಣ್ಣ ಕಡ್ಡಿಯನ್ನು ಇಟ್ಟರೆ ತಿಗಣೆ ಅದನ್ನೇರಿ, ಕೊನೆಗೆ ಮುಚ್ಚಳದ ಒಳಮೈಗೆ ತಲುಪಿ ತಲೆಕೆಳಗಾಗಿ ನಡೆಯುತ್ತದೆ. ಡಬ್ಬಿಯನ್ನು ತಿರುಗಿಸಿ ಹಿಡಿದರೆ ಅದರ ಹೊಟ್ಟೆಯ ಬದಿಯನ್ನು ಕೀಟಕ್ಕೆ ಯಾವ ಕಿರುಕುಳವೂ ಇಲ್ಲದೆ ನೋಡಬಹುದು. ಕಾಲುಗಳ ನಡುವೆ ಉದ್ದಕ್ಕೆ ಎದ್ದುನಿಂತ ಏಣು, ಹೊಟ್ಟೆಯ ಬುಡದಿಂದ ಮುಂದಕ್ಕೆ ಚಾಚಿದ ಮುಳ್ಳು, ಎದೆಗೆ ಒತ್ತಿಕೊಂಡಂತೆ ಮಡಚಿಟ್ಟ ನಾಲ್ಕು ಖಂಡಗಳ ಹೀರುಗೊಳವೆ, ಇವೆಲ್ಲ ಕಾಣುವುದು ಹೀಗೆ. ಹೀರುಗೊಳವೆ ಎಷ್ಟು ಅಚ್ಚುಕಟ್ಟಾಗಿ ಮಡಚಿರುತ್ತದೆಯೆಂದರೆ, ಅದು ಶಂಕುವಿನ ಗಟ್ಟಿ ಸಿಪ್ಪೆಯನ್ನು ತೂರಿ ಒಳಗಿನ ಬೀಜದವರೆಗೆ ಹೋಗುವ ಸಲಕರಣೆಯೆಂದು ನೋಡಿದವರಿಗೆ ಹೊಳೆಯುವುದಿಲ್ಲ. ತಿಗಣೆ ಬೆದರಿದರೆ ಎದೆಯ ಬದಿಯ ಗ್ರಂಥಿಗಳಿಂದ ಘಾಟು ದ್ರವ ಬಿಡುತ್ತದೆ, ಮುಚ್ಚಿದ ಡಬ್ಬಿಯಲ್ಲಿ ಆ ವಾಸನೆ ತುಂಬಿಕೊಳ್ಳುವುದು ಕೀಟಕ್ಕೂ ಒಳ್ಳೆಯದಲ್ಲ. ಹಾಗಾಗಿ ನೋಡುವುದನ್ನು ಬೇಗ ಮುಗಿಸಿ, ಹಿಡಿದ ಕೊಂಬೆಯಲ್ಲೇ ಬಿಡಬೇಕು, ಡಬ್ಬಿಯನ್ನು ತೊಳೆದಿಡಬೇಕು. ಈ ಡಬ್ಬಿಗಳ ಪ್ಲಾಸ್ಟಿಕ್ಕು ಸೋಪಿನ ನೀರಿಗೆ ಮಸುಕಾಗಿಲ್ಲ.

ಗುರುತಿನ ಹಾಳೆಯೇ ಈ ಕಿಟ್‌ನ ದುರ್ಬಲ ಭಾಗ. ಜೂನಿಪರ್ ತಿಗಣೆ ದಕ್ಷಿಣ ಇಂಗ್ಲೆಂಡಿನ ಜೂನಿಪರ್ ಕುರುಚಲುಗಳಿಗೆ ಮಾತ್ರ ಸೀಮಿತ ಎಂದು ಅದು ಹೇಳುತ್ತದೆ. ಒಂದು ಕಾಲಕ್ಕೆ ಇದು ನಿಜವೇ ಆಗಿತ್ತು. ಸರ್ರೆಯ ಬಾಕ್ಸ್ ಹಿಲ್ ಸುತ್ತಮುತ್ತಲಿನಂತಹ ಸುಣ್ಣಕಲ್ಲಿನ ದಿಬ್ಬಗಳೇ ಅದರ ಹಳೆಯ ನೆಲೆಗಳು. ಆದರೆ ತೋಟಗಳಲ್ಲಿ, ಉದ್ಯಾನಗಳಲ್ಲಿ, ಸ್ಮಶಾನಗಳ ಅಂಚಿನಲ್ಲಿ ಅಲಂಕಾರಕ್ಕೆಂದು ಜೂನಿಪರ್ ತಳಿಗಳನ್ನೂ ಲಾಸನ್ ಸೈಪ್ರೆಸ್ಸನ್ನೂ ನೆಡುತ್ತ ಹೋದ ಹಾಗೆ ಈ ತಿಗಣೆ ಅವುಗಳಿಗೂ ಒಗ್ಗಿಕೊಂಡು ದಕ್ಷಿಣ ಮತ್ತು ಮಧ್ಯ ಇಂಗ್ಲೆಂಡಿನಲ್ಲೆಲ್ಲ ಹರಡಿದೆ. ಲಾಸನ್ ಸೈಪ್ರೆಸ್ ಮೂಲತಃ ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯದು. 1854ರಲ್ಲಿ ಎಡಿನ್‌ಬರೋದ ಲಾಸನ್ ನರ್ಸರಿಯ ಮೂಲಕ ಬ್ರಿಟನ್ನಿಗೆ ಬಂದದ್ದು. ಹೊರಗಿನಿಂದ ತಂದು ನೆಟ್ಟ ಮರವೊಂದು ಸ್ಥಳೀಯ ಕೀಟಕ್ಕೆ ಹೊಸ ನೆಲೆ ಒದಗಿಸಿದ ಉದಾಹರಣೆಯಿದು, ಹಾಳೆಯಲ್ಲಿ ಇದೇ ಬಿಟ್ಟುಹೋಗಿದೆ. ಹಾಳೆಯನ್ನು ನಂಬಿ ನಡೆಯುವವರು ಮನೆಯೆದುರಿನ ಸೈಪ್ರೆಸ್ಸನ್ನು ದಾಟಿ, ದೂರದ ಬೆಟ್ಟಗಳಿಗೆ ರೈಲು ಹತ್ತುತ್ತಾರೆ.

ಎಲ್ಲ ಜೂನಿಪರ್ ಪೊದೆಗಳೂ ಒಂದೇ ಅಲ್ಲ ಎಂಬುದನ್ನೂ ಹಾಳೆ ತಿಳಿಸುವುದಿಲ್ಲ. ಜೂನಿಪರಿನಲ್ಲಿ ಗಂಡು ಪೊದೆ ಬೇರೆ, ಹೆಣ್ಣು ಪೊದೆ ಬೇರೆ. ಹಣ್ಣಿನಂತಹ ಶಂಕುಗಳು ಬಿಡುವುದು ಹೆಣ್ಣಿನಲ್ಲಿ ಮಾತ್ರ. ಅವು ಮಾಗಲು ಎರಡು ಮೂರು ವರ್ಷ ಹಿಡಿಯುವುದರಿಂದ ಒಂದೇ ಕೊಂಬೆಯಲ್ಲಿ ಎಳೆಯ ಹಸಿರು ಕಾಯಿಗಳೂ ಜಿನ್ ತಯಾರಕರಿಗೆ ಬೇಕಾದ ನೀಲಿಗಪ್ಪು ಹಣ್ಣುಗಳೂ ಅಕ್ಕಪಕ್ಕದಲ್ಲಿರುತ್ತವೆ. ತಿಗಣೆಗೆ ಆಹಾರವಿರುವುದು ಅಲ್ಲಿ. ಕಾಯಿಯಿಲ್ಲದ ಪೊದೆಯನ್ನು ತಟ್ಟುವುದು ಬಹುಮಟ್ಟಿಗೆ ವ್ಯರ್ಥ. ಸೈಪ್ರೆಸ್ಸಿನಲ್ಲಿ ಗಂಡು ಹೆಣ್ಣು ಶಂಕುಗಳೆರಡೂ ಒಂದೇ ಮರದಲ್ಲಿರುತ್ತವೆ, ಆದರೆ ಪದೇಪದೇ ಕತ್ತರಿಸಿ ಗೋಡೆಯಂತೆ ಮಾಡಿದ ಬೇಲಿಯಲ್ಲಿ ಶಂಕುಗಳು ಹೆಚ್ಚು ಬಿಡುವುದಿಲ್ಲ. ಕತ್ತರಿ ಕಾಣದ ಮರದ ಹೊರಗೊಂಬೆಗಳೇ ಒಳ್ಳೆಯ ಜಾಗ. ಇಷ್ಟನ್ನು ಎರಡು ಸಾಲಿನಲ್ಲಿ ಹೇಳಬಹುದಿತ್ತು.

ಚಿತ್ರಗಳ ಆಯ್ಕೆಯೂ ವಿಚಿತ್ರವಾಗಿದೆ. ಕ್ಲೋರೊಕ್ರೋವಾ ಜೂನಿಪೆರಿನಾ ಎಂಬ ಇನ್ನೊಂದು ಹಸಿರು ಗುರಾಣಿ ತಿಗಣೆಯೂ ಜೂನಿಪರಿನದೇ. ಬ್ರಿಟನ್ನಿನಿಂದ ಅದು ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲೇ ಕಣ್ಮರೆಯಾಗಿದೆ. ಹಾಳೆಯಲ್ಲಿ ಅದರ ಚಿತ್ರವಿದೆ, ಆದರೆ ಅದು ಈಗ ಈ ದೇಶದಲ್ಲಿಲ್ಲ ಎಂಬ ಟಿಪ್ಪಣಿಯಿಲ್ಲ. ಬದಲಾಗಿ, ಇಂದು ಶಂಕುಧಾರಿ ಮರಗಳಲ್ಲಿ ನಿಜವಾಗಿ ಸಿಗುವ ಲೆಪ್ಟೊಗ್ಲಾಸಸ್ ಆಕ್ಸಿಡೆಂಟಾಲಿಸ್‌ಗೆ ಜಾಗವೇ ಇಲ್ಲ. ಉತ್ತರ ಅಮೆರಿಕದ ಈ ದೊಡ್ಡ ಬೀಜತಿಗಣೆ 1999ರಲ್ಲಿ ಇಟಲಿಯಲ್ಲಿ ಕಾಣಿಸಿಕೊಂಡು, 2007ರ ಹೊತ್ತಿಗೆ ಇಂಗ್ಲೆಂಡನ್ನೂ ತಲುಪಿತು. ಹಿಂಗಾಲಿನ ಎಲೆಯಾಕಾರದ ಅಗಲ ಮತ್ತು ರೆಕ್ಕೆಯ ಮೇಲಿನ ಬಿಳಿ ಅಂಕುಡೊಂಕು ಗೆರೆಯಿಂದ ಅದನ್ನು ಯಾರಾದರೂ ಗುರುತಿಸಬಹುದು. ಮರಿಗಳ ಚಿತ್ರಗಳೂ ಇಲ್ಲ. ಬೇಸಿಗೆಯಲ್ಲಿ ಬಟ್ಟೆಗೆ ಬೀಳುವುದರಲ್ಲಿ ಹೆಚ್ಚಿನವು ಮರಿಗಳೇ ಆಗಿರುವಾಗ ಇದು ಸಣ್ಣ ಲೋಪವಲ್ಲ. ಒಂದು ಒಳ್ಳೆಯ ಅಂಶವಿದೆ: ಕಂಡದ್ದನ್ನು ಐರೆಕಾರ್ಡ್ ಎಂಬ ವನ್ಯಜೀವಿ ದಾಖಲೆಯ ಜಾಲತಾಣದಲ್ಲಿ ದಾಖಲಿಸಬೇಕೆಂದೂ, ಯಾವ ಕೀಟ, ಎಲ್ಲಿ, ಯಾವಾಗ, ನೋಡಿದವರು ಯಾರು ಎಂಬ ನಾಲ್ಕು ವಿವರಗಳಿಲ್ಲದೆ ದಾಖಲೆ ಪೂರ್ಣವಾಗದೆಂದೂ ಹಾಳೆಯ ಹಿಂಬದಿಯಲ್ಲಿ ಸ್ಪಷ್ಟವಾಗಿ ಮುದ್ರಿಸಿದ್ದಾರೆ. ಈ ತಿಗಣೆ ಜೂನಿಪರಿನಿಂದ ಸೈಪ್ರೆಸ್ಸಿಗೆ ಹರಡಿದ ಕಥೆ ನಮಗೆ ತಿಳಿದಿರುವುದೇ ಇಂತಹ ಹವ್ಯಾಸಿ ದಾಖಲೆಗಳಿಂದ.

ಸುರಕ್ಷತೆಯ ಬಗ್ಗೆ ಒಂದು ಗಂಭೀರವಾದ ಮಾತು. ಬ್ರಿಟನ್ನಿಗೆ ಸ್ಥಳೀಯವಾದ ಶಂಕುಧಾರಿಗಳು ಮೂರೇ: ಸ್ಕಾಟ್ಸ್ ಪೈನ್, ಯೂ ಮತ್ತು ಜೂನಿಪರ್. ಮೂರರಲ್ಲಿ ಜೂನಿಪರಿನ ಸ್ಥಿತಿ ಚಿಂತಾಜನಕವಾಗಿದೆ. ಫೈಟಾಫ್ತೊರಾ ಆಸ್ಟ್ರೋಸೆಡ್ರಿ ಎಂಬ ರೋಗಕಾರಕ ಜೀವಿ 2011ರಲ್ಲಿ ಅಪ್ಪರ್ ಟೀಸ್‌ಡೇಲಿನ ಜೂನಿಪರ್ ಕಾಡಿನಲ್ಲಿ ಪತ್ತೆಯಾದ ಮೇಲೆ, ಬೇರು ಕೊಳೆತು ಕಂದಾಗಿ ಒಣಗಿದ ಪೊದೆಗಳು ಉತ್ತರ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಹಲವೆಡೆ ಕಂಡುಬಂದಿವೆ. ಅದು ಮಣ್ಣು ಮತ್ತು ನೀರಿನ ಮೂಲಕ, ಅಂದರೆ ಬೂಟಿಗೆ ಮೆತ್ತಿದ ಕೆಸರಿನ ಮೂಲಕವೂ, ಹರಡುತ್ತದೆ. ಒಂದು ಜೂನಿಪರ್ ತಾಣದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಬೂಟು, ಕೋಲು, ಟ್ರೇ ಎಲ್ಲವನ್ನೂ ಉಜ್ಜಿ ತೊಳೆದು ಒಣಗಿಸುವುದು ಕಡ್ಡಾಯವೆಂದೇ ತಿಳಿಯಬೇಕು. ಹೀಗಿರುವಾಗ, ಜೂನಿಪರ್ ಕೀಟಕ್ಕೆಂದೇ ಮಾಡಿದ ಟ್ರೇಯ ಬಟ್ಟೆಯನ್ನು ಚೌಕಟ್ಟಿಗೆ ಶಾಶ್ವತವಾಗಿ ಹೊಲಿದು, ಬಿಚ್ಚಿ ತೊಳೆಯಲಾಗದಂತೆ ಮಾಡಿರುವುದು ಅರ್ಥವಾಗದ ನಿರ್ಧಾರ. ರಕ್ಷಿತ ತಾಣಗಳಲ್ಲಿ ನೆಲದ ಒಡೆಯರ ಅನುಮತಿಯಿಲ್ಲದೆ ಕೊಂಬೆ ತಟ್ಟಬಾರದೆಂಬ ಎಚ್ಚರಿಕೆಯೂ ಕಿಟ್‌ನಲ್ಲಿ ಇರಬೇಕಿತ್ತು. ಕ್ಷೀಣವಾದ ಹಳೆಯ ಪೊದೆಗಳನ್ನಂತೂ, ಅನುಮತಿ ಇದ್ದರೂ, ಬರಿಗಣ್ಣಿನಿಂದ ಹುಡುಕುವುದೇ ಸರಿ.

ಫೋನಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸುಗಳು ಇದೇ ಬೆಲೆಗೆ ಸಿಗುವಾಗ ಭೂತಗನ್ನಡಿ ಯಾಕೆ ಎಂದು ಕೇಳುವವರಿದ್ದಾರೆ. ದಾಖಲೆಗೆ ಚಿತ್ರ ಬೇಕು, ಅದಕ್ಕೆ ಫೋನು ಬೇಕು, ಒಪ್ಪುವ ಮಾತು. ಆದರೆ ನಡೆಯುತ್ತಿರುವ ತಿಗಣೆಯ ಪಾದದ ಗೆಣ್ಣು ಚಿತ್ರದಲ್ಲಿ ಮಸುಕಾಗುತ್ತದೆ, ಕಣ್ಣು ಅದನ್ನು ಹಿಂಬಾಲಿಸಿ ಹಿಡಿಯುತ್ತದೆ.

ಇಡೀ ಕಿಟ್ಟನ್ನು ಕೊಳ್ಳುವಂತೆ ನಾನು ಶಿಫಾರಸು ಮಾಡಲಾರೆ. ಇದೇ ಮಾರಾಟಗಾರರು ಭೂತಗನ್ನಡಿಯನ್ನೂ ಡಬ್ಬಿಗಳನ್ನೂ ಬಿಡಿಯಾಗಿ ಮಾರುತ್ತಾರೆ, ಎರಡೂ ಸೇರಿ ಕಿಟ್‌ನ ಅರ್ಧ ಬೆಲೆಗೂ ಕಡಿಮೆ. ಅವನ್ನು ಮಾತ್ರ ತರಿಸಿಕೊಂಡು, ಟ್ರೇಯ ಬದಲು ಛತ್ರಿಯನ್ನೂ ಹಾಳೆಯ ಬದಲು ಇತ್ತೀಚಿನ ಯಾವುದಾದರೂ ಕ್ಷೇತ್ರ ಕೈಪಿಡಿಯನ್ನೂ ಬಳಸುವುದು ಜಾಣತನ. ಭೂತಗನ್ನಡಿಯ ಮೇಲಿನ ತಪ್ಪು ಅಂಕಿಯ ಬಗ್ಗೆ ಅವರಿಗೆ ಬರೆದಾಗ, ಮುಂದಿನ ತಯಾರಿಯಲ್ಲಿ ಸರಿಪಡಿಸುವುದಾಗಿ ಉತ್ತರಿಸಿದ್ದಾರೆ. ಕೊರೆದ ಅಂಕಿ 10 ಎಂದಾದ ಮೇಲೆ ಅದೇ ಗಾಜನ್ನು ಕಳುಹಿಸುತ್ತಾರೆಯೇ ಎಂದು ಕೊಳ್ಳುವವರು ಮೊದಲೇ ಕೇಳಿ ಖಚಿತಪಡಿಸಿಕೊಳ್ಳಲಿ. ಹಸಿರು-ಗುಲಾಬಿ ಬಣ್ಣದ ಹೊಸ ತಿಗಣೆಗಳನ್ನು ನೋಡುವ ಉದ್ದೇಶವಿದ್ದರೆ ಆಗಸ್ಟ್ ಮುಗಿಯುವ ಮೊದಲು ಆರ್ಡರ್ ಮಾಡುವುದು ಲೇಸು.